ಪುಟ್ಟಿಯ ಕಾಲು

ತಿಂಡಿ ಹೊತ್ತಿಗೆ ಊಟದ ಮೇಜಿನ ತುಂಬ ಸೀಬೆ ಕೊಂಬೆಗಳು ಬಿದ್ದಿರುವುದನ್ನು ಕಂಡು ಮಲ್ಲಿಕಾರ್ಜುನನಿಗೆ ಪಿತ್ತ ನೆತ್ತಿಗೇರಿತು. ಮಂಡಿಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತಾಗಿತ್ತು. ತಟ್ಟೆ ಇಡಲು ಜಾಗವಿರಲಿಲ್ಲ.

“ಉಣ್ಣೋ ಜಾಗದಲ್ಲಿ ಏನಿದು ಸೌದೆ?”

“ಸೌದೆ ಅಲ್ಲ, ಪುಟ್ಟಿ ಕೂರೋಕೆ,” ಎಂದಳು ಮಗಳು ಅಕ್ಷತಾ. ಅವಳು ಚಾಕುವಿನಿಂದ ಕೊಂಬೆಯ ಗಂಟು ಹೆರೆಯುತ್ತಿದ್ದಳು. “ಇಷ್ಟು ವರ್ಷ ಒಂದೇ ನುಣ್ಣಗಿನ ಪ್ಲಾಸ್ಟಿಕ್ ಕೋಲಿನ ಮೇಲೆ ಕೂತು ಕಾಲು ಹಿಂಗಾಗಿದೆ ಅಂದ್ರು ಡಾಕ್ಟ್ರು. ಒಂದು ದಪ್ಪ, ಒಂದು ಸಣ್ಣ ಕೊಂಬೆ ಹಾಕ್ಬೇಕಂತೆ.”

“ಹಕ್ಕಿಗೆ ಕೊಟ್ಟಿದ್ದಕ್ಕಿಂತ ಅದ್ರ ಡಾಕ್ಟ್ರಿಗೆ ಜಾಸ್ತಿ ಕೊಟ್ಟಾಯ್ತು. ವಯಸ್ಸಾದ್ಮೇಲೆ ಕಾಲು ನೋವು ಬರ್ದೆ ಇನ್ನೇನು ಬರ್ತದೆ?”

ಒಳಗಿನಿಂದ ಅವನ ತಾಯಿ ಸಿದ್ದಗಂಗಮ್ಮ ಮಂಡಿ ಹಿಡಿದುಕೊಂಡೇ ಬಂದರು. “ಹಂಗಾರೆ ಇನ್ಮೇಲೆ ನನ್ನೂ ಡಾಕ್ಟ್ರ ತಾವ ಕರ್ಕೊಂಡೋಗ್ಬ್ಯಾಡ ಬುಡು,” ಎಂದು, ಕೊಂಬೆಗೆ ಸುತ್ತಲು ತಮ್ಮ ಹಳೆಯ ನೂಲಿನ ಸೀರೆಯಿಂದ ಹರಿದ ತುಂಡನ್ನು ಮೊಮ್ಮಗಳ ಕೈಗೆ ಕೊಟ್ಟರು.

ಮಲ್ಲಿಕಾರ್ಜುನ ಇಡ್ಲಿ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ತಿಂದ. ಆ ಮನೆಯಲ್ಲಿ ಅವನು ಕೋಪ ತೋರಿಸುವ ರೀತಿ ಅದು. ಅವನು ನಿಂತು ತಿನ್ನುವುದು, ಹೆಂಡತಿ ಉಮಾಮಹೇಶ್ವರಿ ಕೇಳದೆಯೇ ಇನ್ನೆರಡು ಹಾಕುವುದು, ಅವನು ಮುಖ ಊದಿಸಿಕೊಂಡು ಅದನ್ನೂ ಮುಗಿಸುವುದು. ಇಪ್ಪತ್ತೆಂಟು ವರ್ಷದ ಸಂಸಾರ ಹೀಗೇ ನಡೆದಿತ್ತು.

ಪುಟ್ಟಿ ಎಂದರೆ ಹಾಲಿನ ಕಿಟಕಿ ಪಕ್ಕದ ಪಂಜರದಲ್ಲಿದ್ದ ಹಸಿರು ಹಕ್ಕಿ. ಹಕ್ಕಿ ಅಂಗಡಿಯವನು ಅದನ್ನು ಲವ್ ಬರ್ಡ್ಸ್ ಎಂದು ಮಾರಿದ್ದ. ಡಾಕ್ಟರು ನೋಡಿ, ಇದು ಬಡ್ಜಿ ಎಂಬ ಸಣ್ಣ ಗಿಳಿ ಎಂದರು. ಸಿದ್ದಗಂಗಮ್ಮನವರಿಗೆ ಅದು ಬಜ್ಜಿ ಎಂದು ಕೇಳಿಸಿ, ಡಾಕ್ಟರ ಎದುರಿಗೇ ನಕ್ಕುಬಿಟ್ಟಿದ್ದರು. ಈಗ ಅದಕ್ಕೆ ಮುಪ್ಪು. ಕಾಲಿನ ಗೆಣ್ಣುಗಳು ಊದಿ, ಅಂಗಾಲಿನಲ್ಲಿ ಹುಣ್ಣಾಗಿ, ಕೋಲು ಹಿಡಿಯಲಾಗದೆ ಆಗಾಗ ಪಂಜರದ ತಳಕ್ಕೆ ಬೀಳುತ್ತಿತ್ತು. ಬಿದ್ದ ಸದ್ದು ಕೇಳಿದರೆ ಅಕ್ಷತಾ ಊಟ ಬಿಟ್ಟು ಏಳುತ್ತಿದ್ದಳು.

ಹಕ್ಕಿಗೆ ಆ ಹೆಸರು ಬಂದದ್ದೂ ಒಂದು ಜಗಳದಿಂದಲೇ. ಡಿಗ್ರಿಗೆ ಸೇರುವ ತನಕ ಅಕ್ಷತಾಳೇ ಆ ಮನೆಯ ಪುಟ್ಟಿ. ಕಾಲೇಜಿನ ಗೆಳತಿಯರ ಎದುರು ಅಜ್ಜಿ ಬೀದಿಯಲ್ಲಿ ಪುಟ್ಟೀ ಎಂದು ಕೂಗಿದ ದಿನ ಅವಳು ಮನೆ ಸೂರು ಹಾರಿಹೋಗುವಂತೆ ಕಿರುಚಾಡಿದ್ದಳು. ಅದೇ ವರ್ಷ ಹಕ್ಕಿ ಬಂತು. “ಕೂಗೋ ಬಾಯಿ ಸುಮ್ಕಿರಾಕಿಲ್ಲ ಕಣವ್ವ,” ಎಂದು ಅಜ್ಜಿ ಆ ಹೆಸರನ್ನು ಹಕ್ಕಿಗೆ ಕೊಟ್ಟುಬಿಟ್ಟರು. ತುಮಕೂರಿನ ಮನೆಗೆ ಇದು ಗೊತ್ತಿತ್ತು. ಆದರೆ ಗುಬ್ಬಿಯ ನೆಂಟರಿಗೆ, ಹಾಗಲವಾಡಿಯ ನೆಂಟರಿಗೆ ಪುಟ್ಟಿ ಎಂದರೆ ಇಂದಿಗೂ ಮಲ್ಲಿಕಾರ್ಜುನನ ಮಗಳೇ.

ಈಗ ಅವಳು ಸಹಕಾರಿ ಬ್ಯಾಂಕೊಂದರ ಕೌಂಟರಿನಲ್ಲಿ ಕೂರುತ್ತಾಳೆ. ಮದುವೆ ಮಾತು ನಡೆದಿತ್ತು. ಹುಡುಗ ಉದಯಕುಮಾರ್, ಕುಣಿಗಲ್‌ನಲ್ಲಿ ಹೈಸ್ಕೂಲ್ ಮೇಷ್ಟ್ರು. ಸಂಬಂಧ ತಂದವಳು ಸಿದ್ದಗಂಗಮ್ಮನವರ ಅಣ್ಣನ ಮಗಳು, ಗುಬ್ಬಿಯ ಅನುಪಮಾ. ಅವಳ ಮನೆಯಲ್ಲೇ ಹೆಣ್ಣು ನೋಡುವ ಶಾಸ್ತ್ರ ಮುಗಿದು, ಎರಡೂ ಕಡೆ ಒಪ್ಪಿಗೆಯಾಗಿ, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಲು ಶುರುಮಾಡಿದ್ದರು. ಅಕ್ಷತಾಳಿಗೆ ಅವನು ಹಿಡಿಸಿದ್ದ. ಅದನ್ನು ಮುಚ್ಚಿಡುವುದೇನಿದೆ. ವಿಡಿಯೋ ಕಾಲಿನಲ್ಲಿ ಅವಳು ಪಂಜರದ ಮುಂದೆ ಫೋನ್ ಹಿಡಿದು, “ಇವ್ಳೇ ನಮ್ಮ ಪುಟ್ಟಿ,” ಎಂದು ತೋರಿಸಿದ್ದಳು.

“ಮದ್ವೆ ಆದ್ಮೇಲೆ ಇವ್ಳನ್ನ ಕರ್ಕೊಂಡ್ ಬರ್ಬೋದಾ?”

“ತಗೊಂಡ್ ಬನ್ನಿ. ನಮ್ಮ ಹಿತ್ತಲಲ್ಲಿ ಸೀಬೆ ಮರ ಅದೆ. ಎಷ್ಟು ಬೇಕೋ ಅಷ್ಟು ಕೊಂಬೆ ಕಡ್ಕೋಬೋದು,” ಎಂದಿದ್ದ.

ಆಮೇಲೆ ದಿನಾ ಫೋನ್ ಇಡುವಾಗ, “ಪುಟ್ಟಿ ಕಾಲು ಹೆಂಗಿದೆ?” ಎಂದು ಕೇಳುತ್ತಿದ್ದ. ಆ ಒಂದು ಮಾತಿಗೇ ಅವಳು ಅರ್ಧ ಮದುವೆಯಾಗಿದ್ದಳು.

ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದ ಸಿದ್ದಗಂಗಮ್ಮನವರಿಗೆ ಅನುಪಮಾಳ ಫೋನ್ ಬಂತು.

“ಏನ್ ಮಾಡ್ತಿದೀರ ಅತ್ತೆ? ಎಲ್ಲ ಚೆನ್ನಾಗಿದೀರಾ?”

“ಏನ್ ಚೆಂದ ಕಣೆ. ಪುಟ್ಟಿ ಕಾಲು ಊದ್ಕಂಡು ಕುಂತವ್ಳೆ. ಎರಡೂ ಕಾಲು. ಗೆಣ್ಣೆಲ್ಲ ಗಂಟು ಕಟ್ಟವೆ.”

“ಅಯ್ಯೋ, ಯಾವಾಗಿಂದ?”

“ಬ್ಯಾಸ್ಗೇಲೇ ಶುರುವಾಗಿತ್ತು, ನಾವೇ ಗಮನ ಕೊಡ್ಲಿಲ್ಲ. ಪೂರ್ತಿ ವಾಸಿ ಆಗಾಕಿಲ್ಲ, ಹಿಂಗೇ ನೋಡ್ಕಂಡು ಹೋಗಿ ಅಂದ್ರು ಡಾಕ್ಟ್ರು. ದಿನಾ ಉಗುರುಬೆಚ್ಚಗಿನ ನೀರಲ್ಲಿ ಕಾಲು ಅದ್ದಿಸಿ ಮುಲಾಮು ಹಚ್ತೀವಿ.”

“ಮದ್ವೆ ಹೊತ್ತಿಗೆ ಹಿಂಗಾಯ್ತಲ್ಲ ಅತ್ತೆ.”

“ಅದೇ ಕಣೆ. ಕುಣಿಗಲ್‌ಗೆ ಕಳ್ಸಾದೋ ಬ್ಯಾಡ್ವೋ ಅಂತ ನಂಗೂ ಯೋಚ್ನೆ ಆಗದೆ.”

ಹಕ್ಕಿಯನ್ನು ಕಳಿಸುವ ಮಾತು ಅದು. ಅನುಪಮಾ ಹಾಗೆ ತಿಳಿಯಲು ದಾರಿಯೇ ಇರಲಿಲ್ಲ. ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸೂ ಅವಳಲ್ಲ. ಅವಳು ಗಂಡನಿಗೆ ಹೇಳಿದಳು, ಗಂಡ ಕುಣಿಗಲ್‌ಗೆ ಹೇಳಿದ.

ಮರುವಾರ ಕುಣಿಗಲ್‌ನಿಂದ ಮಾತು ಬಂತು. ಜಾತಕ ಇನ್ನೊಂದು ಸಲ ತೋರಿಸಬೇಕಂತೆ, ಸ್ವಲ್ಪ ತಡೆಯಿರಿ. ಉದಯಕುಮಾರನ ಫೋನೂ ನಿಂತಿತು. ಅಕ್ಷತಾ ಮಾಡಿದರೆ ಎತ್ತುತ್ತಿರಲಿಲ್ಲ. ಪರೀಕ್ಷೆ ಕೆಲಸ, ಆಮೇಲೆ ಮಾಡುತ್ತೇನೆ ಎಂದು ಒಂದು ಮೆಸೇಜು ಬಂದದ್ದು ಬಿಟ್ಟರೆ ಬೇರೇನೂ ಇಲ್ಲ. ಬ್ಯಾಂಕಿನಲ್ಲಿ ಅವಳು ನೋಟು ಎಣಿಸುತ್ತ ಲೆಕ್ಕ ತಪ್ಪಿ ಮ್ಯಾನೇಜರಿಂದ ಮಾತು ಕೇಳಿಸಿಕೊಂಡಳು.

ನಿಜ ಸಂಗತಿ ಹೊರಬಿದ್ದದ್ದು ಉಮಾ ಅನುಪಮಾಳನ್ನು ಹಿಡಿದು ಕೇಳಿದ ಮೇಲೆ. ರಾತ್ರಿ ಊಟಕ್ಕೆ ಕೂತಾಗ ಉಮಾ ಮುದ್ದೆ ಹಾಕುತ್ತಲೇ ಹೇಳಿದಳು.

“ನಮ್ಮ ಹುಡುಗಿಗೆ ಕಾಲು ಸರಿ ಇಲ್ಲ, ನಾವು ಮುಚ್ಚಿಟ್ಟು ಮದ್ವೆ ಮಾಡೋಕೆ ಹೊರಟಿದೀವಿ ಅಂತ ಅಂದ್ಕೊಂಡವ್ರೆ ಕುಣಿಗಲ್ಲೋರು. ಅತ್ತೆ ಫೋನಲ್ಲಿ ಪುಟ್ಟಿ ಅಂದಿದ್ದು ಇವ್ಳೇ ಅಂತ.”

ಸಿದ್ದಗಂಗಮ್ಮನವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. “ನಾನು ಹಕ್ಕಿ ಇಸ್ಯ ಹೇಳಿದ್ದು.”

“ಹಕ್ಕಿ ಅಂತ ಬಾಯ್ಬಿಟ್ಟು ಹೇಳ್ಬೇಕಿತ್ತಲ್ಲವ್ವ,” ಮಲ್ಲಿಕಾರ್ಜುನ ಗದರಿದ. “ಅವತ್ತೇ ಹೇಳ್ದೆ, ಆ ದರಿದ್ರದ್ದನ್ನ ಎಲ್ಲಾದ್ರೂ ಕೊಟ್ಟು ಬರಾಣ ಅಂತ. ಯಾರ್ ಕೇಳಿದ್ರಿ ನನ್ ಮಾತ?”

“ಹಕ್ಕಿ ಏನ್ ಮಾಡ್ತು?” ಎಂದಳು ಅಕ್ಷತಾ. “ಕಾಲು ಊದಿದೆ ಅಂತ ಕೇಳಿದ್ ತಕ್ಷಣ ಸಂಬಂಧಾನೇ ಬೇಡ ಅಂದ್ರಲ್ಲ, ಅವ್ರನ್ನ ಬಿಟ್ಟು ಹಕ್ಕಿ ಮೇಲೆ ಯಾಕೆ ಕೂಗ್ತೀಯ?”

“ಅವ್ರು ಕೇಳ್ದೆ ಇರ್ತಾರಾ? ಎಲ್ಲ ಕೇಳ್ತಾರೆ. ನಾವೂ ಸೊಸೆ ತರಂಗಿದ್ರೆ ಕೇಳ್ತಿದ್ವಿ.”

“ಅದಕ್ಕೇ ನಂಗೆ ಭಯ ಆಗೋದು.”

ಅವಳು ಕೈ ತೊಳೆದು ಎದ್ದಳು. ಹಕ್ಕಿಗೆ ಹನಿ ಔಷಧಿ ಕುಡಿಸುವ ಹೊತ್ತಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಕೊಕ್ಕಿನ ಪಕ್ಕಕ್ಕೆ ಹನಿ ಬಿಟ್ಟಳು. ಸಿದ್ದಗಂಗಮ್ಮನವರು ಬಂದು ಪಕ್ಕದಲ್ಲಿ ನಿಂತರು. ಆವತ್ತಿನಿಂದ ಅವರು ಫೋನ್ ಮುಟ್ಟುವುದನ್ನೇ ಬಿಟ್ಟರು.

ಮಲ್ಲಿಕಾರ್ಜುನ ಗುಬ್ಬಿಗೆ ಫೋನ್ ಮೇಲೆ ಫೋನ್ ಮಾಡಿದ. ಅನುಪಮಾಳ ಉತ್ತರ ಒಂದೇ. “ನಾನು ಹೇಳ್ದೆ ಕಣ್ ಬಾವ, ಅದು ಹಕ್ಕಿ ಅಂತೆ ಅಂತ. ಹುಡುಗನ ತಾಯಿ ವಾಣಿಶ್ರೀ ನಂಬ್ತಿಲ್ಲ. ಮಗಳ ಹೆಸರನ್ನ ಹಕ್ಕಿಗೆ ಯಾರಾದ್ರೂ ಇಡ್ತಾರಾ, ಕಥೆ ಕಟ್ತಾವ್ರೆ ಅಂತಾರೆ. ಅವತ್ತು ನೋಡಿದಾಗ ಸೀರೆ ಉಟ್ಟಿದ್ಲು, ಕಾಲು ಎಲ್ಲಿ ಕಾಣ್ತು ಅಂತಾರೆ. ಒಂದ್ ಕೆಲ್ಸ ಮಾಡು. ಹುಡುಗಿ ನಡ್ಯೋದು ಒಂದ್ ವಿಡಿಯೋ ಕಳ್ಸು, ಮುಗ್ದೋಯ್ತದೆ.”

ಮಗಳನ್ನು ಕೇಳಿದರೆ ಅವಳು ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ. ಭಾನುವಾರ ಬೆಳಿಗ್ಗೆ ಉಮಾ ಒಗೆದ ಬಟ್ಟೆಯ ಬಕೆಟ್ಟನ್ನು ಅಕ್ಷತಾಳ ಕೈಗೆ ಕೊಟ್ಟು, “ಮೇಲೆ ಒಣಗಾಕ್ ಬಾ,” ಎಂದಳು. ಅವಳು ನೈಟ್ ಪ್ಯಾಂಟನ್ನು ಮೊಣಕಾಲಿನ ತನಕ ಮಡಿಚಿಕೊಂಡು, ತಾರಸಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿ ಬಟ್ಟೆ ಹರವಿದಳು. ಮಲ್ಲಿಕಾರ್ಜುನ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಫೋನ್ ಹಿಡಿದಿದ್ದ.

ಮರುದಿನ ಬ್ಯಾಂಕಿನಲ್ಲಿದ್ದಾಗ ಉದಯಕುಮಾರನ ಮೆಸೇಜು ಬಂತು. ಎಷ್ಟೋ ದಿನದ ಮೇಲೆ ಬಂದ ಹೆಸರು ಕಂಡು ಅವಳು ಎಣಿಸುತ್ತಿದ್ದ ನೋಟು ಬಿಟ್ಟು ಫೋನ್ ಎತ್ತಿಕೊಂಡಳು. ತೆರೆದರೆ ಹೀಗಿತ್ತು: ‘ವಿಡಿಯೋ ನೋಡಿದ್ವಿ. ಅಮ್ಮಂಗೆ ಸಮಾಧಾನ ಆಯ್ತು. ಭಾನುವಾರ ಎಲ್ಲರೂ ಬರ್ತೀವಿ.’ ಕೆಳಗೆ ನಗುವ ಮುಖವೊಂದು.

ಯಾವ ವಿಡಿಯೋ ಎಂದು ಅವಳು ಕೇಳಿದ್ದಕ್ಕೆ ಅವನು ಅದನ್ನೇ ಕಳಿಸಿದ. ತನ್ನ ಬರಿಗಾಲು, ತನ್ನ ಮೀನಖಂಡ, ತಾನು ಬಗ್ಗುವುದು, ಏಳುವುದು. ಅದು ಗುಬ್ಬಿಗೆ ಹೋಗಿ, ಕುಣಿಗಲ್‌ಗೆ ಹೋಗಿ, ಯಾರ್ಯಾರ ಫೋನಿನಲ್ಲಿ ಓಡಾಡಿ ಬಂದಿತ್ತೋ. ಅವಳು ರಜೆ ಹಾಕಿ ಮನೆಗೆ ಬಂದಳು.

“ಅಮ್ಮ, ಬಕೆಟ್ ಕೊಟ್ಟು ಕಳ್ಸಿದ್ದು ಇದಕ್ಕಾ?”

ಉಮಾ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. “ನಿಮ್ಮಪ್ಪ ಹೇಳಿದ್ರು. ನಿನ್ ಒಳ್ಳೇದಕ್ಕೇ ತಾನೆ.”

“ಸಂತೇಲಿ ಹಸು ತಗೊಳ್ಳೋರು ಹಸುನ ನಡೆಸಿ ನೋಡ್ತಾರೆ. ಕದ್ದು ನೋಡಲ್ಲ. ಅಷ್ಟಾದ್ರೂ ಮರ್ಯಾದೆ ಇದೆ ಹಸುಗೆ.”

ಊಟಕ್ಕೆ ಮನೆಗೆ ಬಂದ ಮಲ್ಲಿಕಾರ್ಜುನನಿಗೂ ಅದೇ ಮಾತು ಬಿತ್ತು. ಅವನೂ ಸುಮ್ಮನಿರಲಿಲ್ಲ. “ಹೆತ್ತಪ್ಪ ಮಗಳು ನಡ್ಯೋದು ವಿಡಿಯೋ ಮಾಡಿದ್ರೆ ಅದೇನ್ ಅಪರಾಧನಾ? ಕೈತಪ್ಪಿ ಹೋಗೋ ಸಂಬಂಧ ಉಳಿಸ್ಕೊಟ್ಟಿದೀನಿ. ಬೇಡ ಅಂದ್ರೆ ಈಗ್ಲೇ ಹೇಳು, ಬರ್ಬೇಡಿ ಅಂತೀನಿ.”

ಅಕ್ಷತಾ ಪಂಜರದ ಕಡೆ ತಿರುಗಿದಳು. ಪುಟ್ಟಿ ಬಟ್ಟೆ ಸುತ್ತಿದ ಕೊಂಬೆಯ ಮೇಲೆ ಹೊಟ್ಟೆಯೂರಿ ಕೂತು, ಒಂದು ಕಾಲನ್ನು ಮಾತ್ರ ಹಗುರವಾಗಿ ಎತ್ತಿಕೊಂಡಿತ್ತು.

“ಬರ್ಲಿ. ನಂಗೂ ಅವ್ರನ್ನ ಒಂದ್ ಮಾತು ಕೇಳೋದಿದೆ.”

ಆ ವಾರವಿಡೀ ಅಪ್ಪ ಮಗಳು ಮಾತಾಡಲಿಲ್ಲ. ಮಾತೆಲ್ಲ ಉಮಾಳ ಮೂಲಕ ಹೋಗುತ್ತಿತ್ತು. ಚೂಡಿದಾರ್ ಹಾಕ್ಕೊಳ್ಳೋಕೆ ಹೇಳು, ಪಾದ ಕಾಣಂಗಿರ್ಲಿ. ಸೀರೇನೇ ಉಡ್ತೀನಿ ಅಂತ ಹೇಳಮ್ಮ. ಕೊನೆಗೆ ಅವಳು ಚೂಡಿದಾರನ್ನೇ ಹಾಕಿಕೊಂಡಳು, ಅಮ್ಮ ಅತ್ತಳೆಂದು. ಉಮಾಳ ಅಳು ಯಾವಾಗಲೂ ಗಂಡನ ಮಾತು ಗೆಲ್ಲಿಸುವುದಕ್ಕೇ ಬರುತ್ತಿತ್ತು. ಅದು ಆ ಮನೆಯಲ್ಲಿ ಎಲ್ಲರಿಗಿಂತ ಉಮಾಳಿಗೇ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಉದಯಕುಮಾರ್, ಅವನ ತಂದೆ ಸದಾಶಿವಯ್ಯ, ತಾಯಿ ವಾಣಿಶ್ರೀ ಬಂದರು. ಅಕ್ಷತಾ ಅಡುಗೆಮನೆಯಿಂದ ಕೇಸರಿಬಾತು, ಕಾಫಿ ತಂದಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಸದಾಶಿವಯ್ಯ ಕೊಬ್ಬರಿ ಧಾರಣೆ ಮಾತಾಡಿದರು. ಉದಯಕುಮಾರ್ ಲೋಟ ನೋಡಿಕೊಂಡು ಕೂತಿದ್ದ. ವಾಣಿಶ್ರೀ ಎರಡು ಗುಟುಕು ಕುಡಿದು ನಕ್ಕರು.

“ಒಂದ್ ಲೋಟ ನೀರು ತಂದ್ಕೊಡಮ್ಮ.”

ಅವಳು ಎದ್ದು ತಂದುಕೊಟ್ಟಳು. ನೀರು ಹಾಗೇ ಉಳಿಯಿತು.

“ಕಾಫಿಗೆ ಚೂರು ಸಕ್ಕರೆ ಬೇಕಿತ್ತು.”

ಉಮಾ ಎದ್ದಳು. ವಾಣಿಶ್ರೀ ಅವಳ ಕೈ ಹಿಡಿದು ಕೂರಿಸಿದರು. “ನೀವ್ ಕೂತ್ಕೊಳಿ, ಅವ್ಳು ತರ್ತಾಳೆ.” ಅಕ್ಷತಾ ಮತ್ತೆ ಹೋಗಿ ಬಂದಳು. ವಾಣಿಶ್ರೀಯ ಕಣ್ಣು ಅವಳ ಮುಖಕ್ಕೆ ಒಮ್ಮೆಯೂ ಬರಲಿಲ್ಲ. ಹಿಮ್ಮಡಿಯ ಮೇಲೇ ಇತ್ತು.

“ಸೆಕೆ ಕಣಮ್ಮ. ಆ ಕಿಟಕಿ ಸ್ವಲ್ಪ ತೆಗಿ.”

ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಅಕ್ಷತಾ ಕಿಟಕಿಯ ತನಕ ನಡೆದವಳು ಅಲ್ಲೇ ನಿಂತಳು. ಪಂಜರವಿರುತ್ತಿದ್ದ ಜಾಗ ಖಾಲಿಯಾಗಿತ್ತು. ಒಂದು ಗರಿ ಮಾತ್ರ ನೆಲದಲ್ಲಿ ಬಿದ್ದಿತ್ತು.

“ಪುಟ್ಟಿ ಎಲ್ಲಿ?”

ಮಲ್ಲಿಕಾರ್ಜುನ ಕುರ್ಚಿ ತೋರಿಸಿ, “ಅದು ಆಮೇಲೆ. ಬಂದು ಕೂತ್ಕೊ,” ಎಂದ.

“ಪುಟ್ಟಿ ಎಲ್ಲಪ್ಪ?”

ಉತ್ತರ ಮೆಟ್ಟಿಲಿನ ಕಡೆಯಿಂದ ಬಂತು. ಬೆಳಗಿನಿಂದ ಹಾಲಿಗೆ ಬಾರದಿದ್ದ ಸಿದ್ದಗಂಗಮ್ಮನವರು ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಪಂಜರ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿಯುತ್ತಿದ್ದರು. ಆ ಮಂಡಿಯಲ್ಲಿ ಅವರು ತಾರಸಿ ಹತ್ತಿ ಎಷ್ಟೋ ಕಾಲವಾಗಿತ್ತು.

“ಟ್ಯಾಂಕ್ ತಾವ ಮಡಗವ್ನೆ, ನಿಮ್ಮಪ್ಪ. ಗೋಣಿಚೀಲ ಮುಚ್ಚಿ. ಬಿಸ್ಲಿಗೆ ಬಾಯಿ ಬುಟ್ಕಂಡು ಬಿದ್ದಿತ್ತು. ಕಾಗೆ ಬಂದು ಕುಂತಿತ್ತು ಮ್ಯಾಲೆ.”

ಅವರು ನೇರ ಬಂದು ಪಂಜರವನ್ನು ಟೀಪಾಯಿಯ ಮೇಲೆ, ಕೇಸರಿಬಾತಿನ ತಟ್ಟೆಗಳ ನಡುವೆ ಇಟ್ಟರು. ಹಕ್ಕಿ ತಳದಲ್ಲಿ ಹಾಸಿದ್ದ ಟವೆಲಿನ ಮೇಲೆ ಮುದುಡಿಕೊಂಡಿತ್ತು. ಊದಿದ ಬೆರಳುಗಳು ಹೊರಗೆ ಚಾಚಿದ್ದವು.

“ನೋಡ್ಕಳಿ ತಾಯಿ. ಇವ್ಳೇ ಪುಟ್ಟಿ, ಕಾಲು ಇವ್ಳದು. ಆ ಕೂಸನ್ನ ಇನ್ನೆಷ್ಟು ಕಿತ ಎಬ್ಬಿಸಿ ಕೂರಿಸ್ತೀರಿ?”

ವಾಣಿಶ್ರೀಯ ಮುಖ ಕೆಂಪಾಯಿತು. “ಗಂಡುಮಗನ್ನ ಹೆತ್ತೋರು ನಾವು, ವಿಚಾರಿಸ್ಬಾರ್ದೇನಮ್ಮ? ಹುಡುಗಿಗೂ ಹಕ್ಕಿಗೂ ಒಂದೇ ಹೆಸರಿಟ್ರೆ ಯಾರಿಗ್ ಗೊತ್ತಾಗ್ತದೆ?”

“ಇವ್ರಿಗೆ ಗೊತ್ತಿತ್ತು,” ಎಂದಳು ಅಕ್ಷತಾ.

ಅವಳು ಕಿಟಕಿಯಿಂದ ಬಂದು ಉದಯಕುಮಾರನ ಎದುರು ನಿಂತಿದ್ದಳು. ದನಿ ಏರಿರಲಿಲ್ಲ. “ದಿನಾ ಫೋನಲ್ಲಿ ಪುಟ್ಟಿ ಕಾಲು ಹೆಂಗಿದೆ ಅಂತ ಕೇಳ್ತಿದ್ರಿ. ವಿಡಿಯೋ ಕಾಲಲ್ಲಿ ನೋಡಿದೀರ. ಕೊಂಬೆ ಕೊಡ್ತೀನಿ ಅಂದಿದ್ರಿ. ನಿಮ್ಮನೇಲಿ ಎಲ್ರೂ ಕೂತು ಹುಡುಗಿ ಕುಂಟಿ ಅಂತ ಮಾತಾಡ್ತಿದ್ದಾಗ ನೀವು ಎಲ್ಲಿದ್ರಿ?”

“ಅಲ್ಲೇ ಇದ್ದೆ.”

“ಪುಟ್ಟಿ ಯಾರು ಅಂತ ಗೊತ್ತಿತ್ತಲ್ಲ?”

“ಗೊತ್ತಿತ್ತು.” ಅವನು ಲೋಟ ಕೆಳಗಿಟ್ಟ. “ದೊಡ್ಡೋರು ಮಾತಾಡ್ತಿದ್ರು, ಮಧ್ಯ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ. ಹೆಂಗಿದ್ರೂ ನಿಮ್ಮಪ್ಪ ಹೇಳ್ತಾರಲ್ಲ ಅಂತ ಸುಮ್ನಿದ್ದೆ.”

“ಅದು ಹಕ್ಕಿ ಅಮ್ಮ ಅಂತ ಒಂದ್ ಮಾತು. ಅಷ್ಟೇ ಹೇಳ್ಬೇಕಿದ್ದಿದ್ದು. ಆ ಒಂದ್ ಮಾತು ನೀವು ಹೇಳ್ಲಿಲ್ಲ ಅಂತ ನಮ್ಮಪ್ಪ ಟ್ಯಾಂಕ್ ಹಿಂದೆ ನಿಂತು ನನ್ ಕಾಲು ವಿಡಿಯೋ ಮಾಡಿದ್ರು. ನೀವು ಅದನ್ನ ನೋಡಿ ನಗೋ ಮುಖ ಕಳ್ಸಿದ್ರಿ.”

ಅಕ್ಷತಾ ಬಗ್ಗಿ ಪಂಜರ ಎತ್ತಿಕೊಂಡಳು.

“ನಾಳೆ ನಿಜವಾಗ್ಲೂ ನನ್ ಕಾಲು ಊದಿದ್ರೆ ಏನ್ ಮಾಡ್ತೀರಿ?”

ಉದಯಕುಮಾರ್ ಅಮ್ಮನ ಮುಖ ನೋಡಿದ.

“ಕಾಫಿ ಆರ್ತಿದೆ, ಕುಡೀರಿ,” ಎಂದು ಅಕ್ಷತಾ ಪಂಜರದೊಂದಿಗೆ ಒಳಗೆ ನಡೆದಳು. ಈ ಸಲ ಎಲ್ಲರೂ ಅವಳ ಕಾಲನ್ನೇ ನೋಡಿದರು.

ಬಂದವರು ಹೋದ ಮೇಲೆ ಮಲ್ಲಿಕಾರ್ಜುನ ಇಡೀ ಮನೆ ನಡುಗುವಂತೆ ಕೂಗಾಡಿದ. ಎಂಥ ಸಂಬಂಧ ಕಳೆದಿರಿ, ಗುಬ್ಬಿಯಲ್ಲಿ ತಲೆ ಎತ್ತಿ ಓಡಾಡೋದು ಹೆಂಗೆ, ಒಂದು ಹಕ್ಕಿಗೋಸ್ಕರ. ಅಕ್ಷತಾ ಹಕ್ಕಿಗೆ ತುದಿಬೆರಳಿನಿಂದ ನೀರು ಕುಡಿಸುತ್ತ ಕೂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಉದಯಕುಮಾರ್ ಹಿಡಿಸಿದ್ದ ಎನ್ನುವುದೇನೂ ಸುಳ್ಳಾಗಿರಲಿಲ್ಲವಲ್ಲ. ಮಧ್ಯಾಹ್ನದ ಊಟವನ್ನು ಮಲ್ಲಿಕಾರ್ಜುನ ತಟ್ಟೆ ಹಿಡಿದು ನಿಂತೇ ಉಂಡ. ಅನ್ನ ಮುಗಿಯಿತು. ತಟ್ಟೆ ಹಾಗೇ ಹಿಡಿದು ಕಾದ. ಉಮಾ ಪಾತ್ರೆಯ ಮುಚ್ಚಳ ಹಾಕಿ, ತನ್ನ ತಟ್ಟೆ ತೆಗೆದುಕೊಂಡು ಮಗಳ ಪಕ್ಕ ಹೋಗಿ ಕೂತಳು.

ಸಿದ್ದಗಂಗಮ್ಮನವರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ಗುಬ್ಬಿಯ ಅನುಪಮಾ. ಮಗ ಬೇಡವೆಂದು ಕೈ ಆಡಿಸುತ್ತಿದ್ದರೂ ಅವರು ಎತ್ತಿದರು.

“ಏನಾಯ್ತು ಅತ್ತೆ? ಅವ್ರು ಕೋಪ ಮಾಡ್ಕೊಂಡು ಹೋದ್ರಂತಲ್ಲ?”

“ಹೇಳ್ತೀನಿ, ಸರ್ಯಾಗಿ ಕೇಳಿಸ್ಕೊ. ಪುಟ್ಟಿ ಅಂದ್ರೆ ಹಕ್ಕಿ. ಅವ್ಳ ಕಾಲು ಹಂಗೇ ಅದೆ, ವಾಸಿ ಆಗಾಕಿಲ್ಲ, ನಮ್ಮನೇಲೇ ಇರ್ತಾಳೆ. ಅಕ್ಷತಾ ಅಂದ್ರೆ ನನ್ ಮೊಮ್ಮಗಳು. ಅವ್ಳ ಕಾಲು ಗಟ್ಟಿಯಾಗವೆ, ಆ ಕಾಲಲ್ಲೇ ಎದ್ದು ಒಳಿಕ್ಕೋದ್ಲು. ಹೋದ್ಸಲ ಕೇಳಿದ್ನೆಲ್ಲ ಕುಣಿಗಲ್ ಗಂಟ ಮುಟ್ಟಿಸಿದ್ಯಲ್ಲ ತಾಯಿ, ಇದ್ನೂ ಮುಟ್ಟಿಸು.”